ಬಿರಡೆಯ ಕೆಳಗೆ

“ಇವನ ಮಾತು ಯಾಕೆ ಕೇಳ್ತೀರ ಮೇಡಂ? ಇವನು ಬಿರಡೆ.”

ಭಾವ ಅದನ್ನು ಕೂಗಿ ಹೇಳಲಿಲ್ಲ. ಬೆಂಚಿನ ಮೇಲಿದ್ದ ಮರದ ಬಿರಡೆಯೊಂದನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಎರಡು ಬೆರಳಲ್ಲಿ ಹಿಡಿದು, ನಿಧಾನವಾಗಿ ಹೇಳಿದ.

“ಬೋಲ್ಟ್ ಕೂರೋ ತೂತಿಗೆ ಧೂಳು ಬೀಳಬಾರದು ಅಂತ ಇಟ್ಟಿರ್ತೀವಲ್ಲ, ಇದು. ನಿಜವಾದ ಕೆಲಸ ಶುರುವಾದ ತಕ್ಷಣ ಕಿತ್ತು ಕಸಕ್ಕೆ ಹಾಕ್ತೀವಿ. ಮಾವ ಇವನನ್ನ ಈ ಶೆಡ್ಡಲ್ಲಿ ಇಟ್ಕೊಂಡಿದ್ದೂ ಹಾಗೇನೇ. ನಾನು ಬರೋವರೆಗೂ.”

ಬಿರಡೆಯನ್ನು ನನ್ನ ಕಾಲ ಬಳಿ ಎಸೆದ. ಅದು ಉರುಳಿಕೊಂಡು ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು.

ಲೇತ್ ಯಂತ್ರದ ಮುಂದೆ ಕೂತಿದ್ದ ಹಳೇ ಕೆಲಸಗಾರ ತಾತ ಕೆಮ್ಮುವ ನೆಪದಲ್ಲಿ ನಕ್ಕ. ಹೊರಗೆ ಜೀಪಿಗೆ ಒರಗಿದ್ದ ಪೇದೆ ನೆಪವೂ ಇಲ್ಲದೆ ನಕ್ಕ. ನಗದೆ ಇದ್ದವಳು ಅಕ್ಕ ಒಬ್ಬಳೇ. ಗಂಡನಿಗೆ ತಂದ ಊಟದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಒಂದು ತುಂಡು ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ದಿನವಿಡೀ ಹೊಲಿಗೆ ಮಷಿನ್ ಮುಂದೆ ಕೂರುವ ಅವಳ ಕೈಗೆ ದಾರವಿಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು.

ಇನ್‌ಸ್ಪೆಕ್ಟರ್ ಮೇಡಂ ಎಣ್ಣೆಯ ಡ್ರಮ್ಮಿನ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದರು. ನಗಲೂ ಇಲ್ಲ, ಗದರಲೂ ಇಲ್ಲ.

“ಬಿರಡೆನೋ ಬೋಲ್ಟೋ, ನನಗೆ ಅದು ಬೇಡ. ಒಡೆದ ಎಂಜಿನ್ ನೋಡಿ ಏನಾಯ್ತು ಅಂತ ಹೇಳೋಕೆ ನನಗೆ ಬರಲ್ಲ. ನಿಮ್ಮಿಬ್ಬರಿಗೆ ಬರುತ್ತೆ. ಒಬ್ಬರು ನೋಡಿ ಹೇಳಿ, ಇನ್ನೊಬ್ಬರು ತಪ್ಪು ಹುಡುಕಿ. ಆದ್ರೆ ಒಂದು ಮಾತು. ನಾನು ಹೊರಡುವಾಗ ನಿಮ್ಮಿಬ್ಬರಲ್ಲಿ ಒಬ್ಬರು ಆ ಜೀಪಲ್ಲಿ ಕೂತಿರ್ತೀರಿ.”

ಕಳೆದ ವಾರ ಇದೇ ಶೆಡ್ಡಿನಲ್ಲಿ, ಟೆಸ್ಟ್ ಬೆಂಚಿನ ಮೇಲೆ ಓಡುತ್ತಿದ್ದ ಹಳೆ ಕಾರಿನ ಎಂಜಿನ್ ಸಿಡಿದು ಅದರ ಒಂದು ತುಂಡು ಅಪ್ಪನ ಎದೆಗೆ ಹೊಕ್ಕಿತ್ತು. ಅಪ್ಪ ಈಗ ಆಸ್ಪತ್ರೆಯಲ್ಲಿ. ಗಂಟಲಲ್ಲಿ ನಳಿಗೆ, ಬಾಯಲ್ಲಿ ಮಾತಿಲ್ಲ. ಅಪಘಾತ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ನಿನ್ನೆ ಸ್ಟೇಷನ್ನಿಗೆ ಹೆಸರು ಹೇಳದ ಯಾರೋ ಫೋನ್ ಮಾಡಿ, “ಅದು ತಾನಾಗಿ ಒಡೆದಿದ್ದಲ್ಲ, ಒಡೆಯೋ ಹಾಗೆ ಮಾಡಿದ್ದು” ಎಂದು ಹೇಳಿ ಇಟ್ಟುಬಿಟ್ಟಿದ್ದರು.

ಶೆಡ್ಡಿನ ಬೀಗಕ್ಕೆ ಕೀಲಿಕೈ ಇದ್ದದ್ದು ಮೂವರ ಹತ್ತಿರ. ಅಪ್ಪ, ಭಾವ, ನಾನು.

“ಮೊದಲು ನೀವು ಹೇಳಿ,” ಮೇಡಂ ಭಾವನ ಕಡೆ ತಿರುಗಿದರು. “ಈ ಎಂಜಿನ್ನಿಗೆ ಏನೇನು ಮಾಡಿದ್ರಿ?”

ಆಮೇಲೆ ನನ್ನ ಕಡೆ. “ನೀನು ಸುಮ್ಮನೆ ಕೇಳು.”

ಭಾವನಿಗೆ ನೀವು. ನನಗೆ ನೀನು. ಅವರು ಈ ಶೆಡ್ಡಿಗೆ ಬಂದು ಇನ್ನೂ ಒಂದು ಲೋಟ ನೀರೂ ಕುಡಿದಿರಲಿಲ್ಲ. ಯಾರಿಗೆ ಯಾವುದು ಎಂದು ಅಷ್ಟರಲ್ಲೇ ಗೊತ್ತಾಗಿಬಿಟ್ಟಿತ್ತು.

ಗೊತ್ತಾಗದೆ ಏನು? ಅಪ್ಪನ ಚರ್ಮದ ಏಪ್ರನ್ ಹಾಕಿಕೊಂಡು ನಿಂತಿದ್ದವನು ಅವನು. ಅಪ್ಪ ಯಾರಿಗೂ ಮುಟ್ಟಲು ಬಿಡದ ಮೈಕ್ರೋಮೀಟರು ಅವನ ಜೇಬಿನಲ್ಲಿತ್ತು. ಚಿಕ್ಕಂದಿನಲ್ಲಿ ಅದರ ಪೆಟ್ಟಿಗೆಯ ಮುಚ್ಚಳ ತೆರೆದಿದ್ದಕ್ಕೆ ನನಗೆ ಬೆನ್ನ ಮೇಲೆ ಬಿದ್ದಿತ್ತು.

ಭಾವ ಹೇಳತೊಡಗಿದ. ಚೆನ್ನಾಗಿಯೇ ಹೇಳಿದ, ದರಿದ್ರದವನು.

“ಹಳೇ ಬ್ಲಾಕ್ ಮೇಡಂ, ಎಂಜಿನ್ನಿನ ಒಡಲು. ಬೀಡು ಕಬ್ಬಿಣದ ಎರಕ. ಆ ಕಾಲದಲ್ಲಿ ಅದು ಎಳೀಬೇಕಾಗಿದ್ದು ಒಂದು ಸಂಸಾರ, ಎರಡು ಪೆಟ್ಟಿಗೆ. ಕಾರಿನ ಯಜಮಾನರಿಗೆ ಅದೇ ಎಂಜಿನ್ನಲ್ಲಿ ಗುಡ್ಡದ ರೇಸ್ ಹತ್ತಬೇಕಂತೆ. ಪವರ್ ದುಪ್ಪಟ್ಟು ಬೇಕು, ಆದ್ರೆ ಬ್ಲಾಕ್ ಬದಲಾಯಿಸಬಾರದು. ಹಳೇದೇ ಇರಬೇಕು. ಮುದುಕನ ಕೈಲಿ ಕುಸ್ತಿ ಮಾಡಿಸೋ ಹಾಗೆ.”

“ಮುದುಕನಿಗೆ ಏನು ತಿನ್ನಿಸಿದ್ರಿ?”

“ಸಿಲಿಂಡರ್ ಗೋಡೆ ತೆಳು. ಜಾಸ್ತಿ ಒತ್ತಡ ಬಿದ್ರೆ ಉಬ್ಬುತ್ತೆ. ಅದಕ್ಕೆ ಸುತ್ತ ನೀರು ಓಡೋ ಜಾಗ ಇದೆಯಲ್ಲ, ಅದರ ಕೆಳಗಿನ ಅರ್ಧಕ್ಕೆ ಫಿಲ್ಲರ್ ಹಾಕಿದ್ವಿ. ಕಬ್ಬಿಣದ ಪುಡಿ ಕಲಸಿದ ಸಿಮೆಂಟ್ ಥರ. ಒಣಗಿದ್ರೆ ಕಲ್ಲು. ಆಮೇಲೆ ತಳ. ಒಳಗೆ ತಿರುಗೋ ಕ್ರ್ಯಾಂಕ್ ದಂಡನ್ನ ಹಿಡ್ಕೊಂಡಿರೋ ಕ್ಯಾಪ್‌ಗಳು ಹಳೇವು, ಕಿತ್ತು ಸ್ಟೀಲಿನವು ಹಾಕಿದ್ವಿ. ಎಲ್ಲಾ ಕ್ಯಾಪನ್ನೂ ಸೇರಿಸಿ ದಪ್ಪ ಸ್ಟೀಲ್ ತಗಡಿನ ಸೊಂಟಪಟ್ಟಿ ಬಿಗಿದ್ವಿ. ಒಂದು ನಡುಗಿದ್ರೆ ಉಳಿದವು ಹಿಡ್ಕೋಬೇಕು.”

“ಎಲ್ಲಾ ಸರಿ. ಆಮೇಲೆ ಯಾಕೆ ಒಡೀತು?”

“ಫಿಲ್ಲರ್ ಜಾಸ್ತಿ ಆಗಿದೆ,” ನಾನು ಬಾಯಿ ಹಾಕಿದೆ. ತಡೆದುಕೊಳ್ಳಲು ಆಗಲಿಲ್ಲ. “ಅರ್ಧಕ್ಕಿಂತ ಮೇಲೆ ಹಾಕಿದಾರೆ. ನೀರಿಗೆ ಜಾಗ ಇಲ್ಲ. ಕಾದು ಕಾದು ಬಿರಿದಿದೆ. ಆವತ್ತೇ ಹೇಳಿದ್ದೆ.”

“ಯಾರಿಗೆ ಹೇಳಿದ್ದೆ?” ಭಾವ ಕೇಳಿದ. “ನಿನ್ನನ್ನ ಆ ಎಂಜಿನ್ ಹತ್ರ ಸೇರಿಸಿದ್ದಾದ್ರೂ ಯಾರು?”

ಯಾರೂ ಸೇರಿಸಿರಲಿಲ್ಲ. ಅದೇ ನಿಜ. ಆ ಎಂಜಿನ್ ಬಂದ ದಿನ ಅಪ್ಪ ನನ್ನನ್ನು ಗೇಟಿನ ಪಕ್ಕದ ಸ್ಕೂಟರ್ ರಿಪೇರಿಗೆ ಕೂರಿಸಿದ್ದರು. “ಇದು ಸೂಕ್ಷ್ಮದ ಕೆಲಸ ಕಣೋ, ನಿನ್ನ ಕೈಯಲ್ಲಿ ಸಿಟ್ಟಿದೆ,” ಅಂದಿದ್ದರು.

“ನೋಡು ಹಾಗಾದ್ರೆ,” ಮೇಡಂ ಹೇಳಿದರು. “ಫಿಲ್ಲರ್ ಜಾಸ್ತಿ ಆಗಿದ್ರೆ ತೋರ್ಸು.”

ಒಡೆದ ಬ್ಲಾಕ್ ಟೆಸ್ಟ್ ಬೆಂಚಿನ ಮೇಲೆಯೇ ಇತ್ತು. ಪಕ್ಕೆಯಲ್ಲಿ ಕಿಟಕಿಯಷ್ಟು ದೊಡ್ಡ ತೂತು. ಆ ತೂತಿನ ನೇರಕ್ಕೆ ಎದುರಿನ ಗೋಡೆಯಲ್ಲಿ ಗಾರೆ ಕಿತ್ತುಹೋದ ಗುರುತು. ಅವೆರಡರ ನಡುವೆ ಅಪ್ಪ ನಿಂತಿದ್ದರು.

ಅಲ್ಲ. ಮೊದಲು ನಿಂತಿದ್ದವನು ಭಾವ. ಸದ್ದು ಬದಲಾದದ್ದು ಅಪ್ಪನಿಗೆ ಗೊತ್ತಾಯಿತು. ಅಪ್ಪ ಒಂದೇ ಹೆಜ್ಜೆಗೆ ಹಾರಿ ಭಾವನನ್ನು ಆಚೆ ನೂಕಿ ಅವನ ಜಾಗದಲ್ಲಿ ಉಳಿದುಬಿಟ್ಟರು. ನಾನೂ ಅಲ್ಲೇ ಇದ್ದೆ, ನೀರಿನ ಟ್ಯಾಂಕಿನ ಹಿಂದೆ. ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅತ್ತದ್ದು ಅಪ್ಪನಿಗಾಗಿ ಎಂದು ಎಲ್ಲರೂ ಅಂದುಕೊಂಡರು. ಅಪ್ಪನಿಗಾಗಿಯೇ. ಆದರೆ ಅದರೊಳಗೆ ಆ ನೂಕೂ ಇತ್ತು.

ಟಾರ್ಚ್ ತೆಗೆದುಕೊಂಡು ಬ್ಲಾಕಿನ ಪಕ್ಕೆಯೊಳಗೆ ಬಿಟ್ಟೆ. ಫಿಲ್ಲರ್ ಕಾಣಿಸಿತು. ಬೂದು ಬಣ್ಣದ ಕಲ್ಲು. ಗೋಡೆಗೆ ಅಂಟಿಕೊಂಡ ರೀತಿಯಲ್ಲಿ ಎಲ್ಲೂ ಒಂದು ಗುಳ್ಳೆಯಿಲ್ಲ. ಮೇಲ್ಮೈ ಕನ್ನಡಿಯಂತೆ ಮಟ್ಟ. ಬೆರಳಿಟ್ಟು ಅಳೆದೆ. ಸ್ಪ್ಯಾನರ್ ಇಟ್ಟು ಅಳೆದೆ. ಅರ್ಧ. ಕೂದಲೆಳೆಯಷ್ಟೂ ಮೇಲಿಲ್ಲ.

ಇನ್ನೊಂದು ಸಲ ಅಳೆದೆ.

“ಸಿಕ್ತಾ?” ಭಾವನ ದನಿಯಲ್ಲಿ ಬೆಣ್ಣೆ.

ಸೊಂಟಪಟ್ಟಿಯನ್ನು ತಿರುಗಿಸಿ ನೋಡಿದೆ. ಅಂಚುಗಳನ್ನು ಅರದಿಂದ ತಿಕ್ಕಿ ದುಂಡು ಮಾಡಿದ್ದ. ಯಾರಿಗೂ ಕಾಣದ ಒಳ ಅಂಚನ್ನೂ ಬಿಟ್ಟಿರಲಿಲ್ಲ. ಕ್ಯಾಪ್‌ಗಳ ಮೇಲೆ ಯಾವುದು ಯಾವ ಜಾಗದ್ದು, ಮುಖ ಯಾವ ಕಡೆ ಎಂದು ಚುಕ್ಕಿ ಹೊಡೆದಿದ್ದ. ಚುಕ್ಕಿಗಳು ಸಾಲಾಗಿ, ಮುತ್ತು ಪೋಣಿಸಿದ ಹಾಗೆ. ಒಂದು ತಪ್ಪು ಸಿಗಲಿ ಎಂದು ನಾನು ಆ ಕೆಲಸದ ಮೇಲೆಲ್ಲ ಕೈಯಾಡಿಸಿದೆ. ಒಂದು ಗೀರು. ಒಂದು ವಾರೆ. ಸಿಗಲಿಲ್ಲ. ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು. ಕೆಟ್ಟ ಕೆಲಸ ಮಾಡುವವನ ಮೇಲೆ ಸಿಟ್ಟು ಬರಬಹುದು, ಅಷ್ಟೆ. ಒಳ್ಳೆ ಕೆಲಸ ಮಾಡುವವನು ಉಸಿರಾಡುವುದನ್ನೂ ಸಹಿಸಲು ಆಗುವುದಿಲ್ಲ.

ಆಗ ಮಧ್ಯದ ಕ್ಯಾಪಿನ ಸ್ಟಡ್ ಕಣ್ಣಿಗೆ ಬಿತ್ತು.

ಸ್ಟಡ್ ಎಂದರೆ ತಲೆಯಿಲ್ಲದ ಬೋಲ್ಟು; ಒಂದು ತುದಿ ಬ್ಲಾಕಿನ ತೂತಿನೊಳಗೆ ಕೂರುತ್ತದೆ, ಇನ್ನೊಂದು ತುದಿಗೆ ನಟ್ಟು. ಉಳಿದ ಸ್ಟಡ್‌ಗಳು ಬಾಗಿದ್ದವು, ಇಲ್ಲವೇ ತುಂಡಾಗಿದ್ದವು. ಇದು ನೆಟ್ಟಗಿತ್ತು. ತನ್ನ ಸುತ್ತಲಿನ ಬೀಡನ್ನೇ ಮುಷ್ಟಿಯಷ್ಟು ಕಿತ್ತುಕೊಂಡು ಬಂದಿತ್ತು, ಗಿಡದ ಬೇರಿಗೆ ಮಣ್ಣಿನ ಹೆಂಟೆ ಬರುವ ಹಾಗೆ.

ಆ ಹೆಂಟೆಯನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದೆ. ಅಕ್ಕ ಸರಿದು ಜಾಗ ಕೊಟ್ಟಳು.

“ಮೇಡಂ, ಇಲ್ಲಿ ಬನ್ನಿ. ಈ ಮುರಿದ ಮುಖ ನೋಡಿ. ಹೊರಗಡೆಯೆಲ್ಲ ಹರಳು ಹರಳಾಗಿ ಮಿನುಗ್ತಿದೆ. ಸಕ್ಕರೆ ಒಡೆದ ಹಾಗೆ. ಇದು ಹೊಸ ಮುರಿತ. ಕಳೆದ ವಾರ ಸಿಡಿದಾಗ ಆಗಿದ್ದು.”

“ಹೂಂ.”

“ಈಗ ತಳ ನೋಡಿ.”

ತೂತಿನ ತಳದಲ್ಲಿ ಮುರಿತದ ಮುಖ ಕಪ್ಪಗಿತ್ತು. ಎಣ್ಣೆ ಕುಡಿದು ಕುಡಿದು ಆದ ಕಪ್ಪು. ಉಗುರಿನಿಂದ ಕೆರೆದರೂ ಹೋಗಲಿಲ್ಲ.

“ಇದು ಹಳೇ ಬಿರುಕು. ಟೆಸ್ಟ್ ದಿನಕ್ಕಿಂತ ಮುಂಚೆ ಇವರು ಎಂಜಿನ್ನನ್ನ ನಿಧಾನವಾಗಿ ಓಡಿಸಿ ಪಳಗಿಸಿದ್ರು. ಆಗಲೇ ಎಣ್ಣೆ ಒಳಗೆ ಇಳಿದಿದೆ. ಅಂದ್ರೆ ಜೋಡಿಸುವಾಗಲೇ ಬಿರಿದಿತ್ತು. ಬಿರಿದ ಬ್ಲಾಕಿಗೆ ದುಪ್ಪಟ್ಟು ಭಾರ ಹಾಕಿ ಅಪ್ಪನ್ನ ಮುಂದೆ ನಿಲ್ಲಿಸಿದ್ರು.”

ಭಾವನ ಮುಖದಲ್ಲಿದ್ದ ಬೆಣ್ಣೆ ಕರಗಿತು. ಅದನ್ನು ನೋಡಿದ ಸುಖ ನಾನು ಹೇಳಲಾರೆ.

“ಜೋಡಿಸುವಾಗ ಹೇಗೆ ಬಿರಿಯುತ್ತೆ?” ಮೇಡಂ ಕೇಳಿದರು.

“ಈ ತೂತಿಗೆ ತಳ ಇದೆ, ಆರಪಾರ ಇಲ್ಲ. ತಳದಲ್ಲಿ ಒಂಚೂರು ಎಣ್ಣೆನೋ ನೀರೋ ಉಳಿದಿದ್ರೆ, ಮೇಲಿಂದ ಸ್ಟಡ್ ತಿರುಗಿಸ್ತಾ ಬಂದ್ರೆ ಅದಕ್ಕೆ ಹೋಗೋಕೆ ದಾರಿ ಇಲ್ಲ. ಪಕ್ಕಕ್ಕೆ ಒತ್ತುತ್ತೆ. ಹೊಸ ಕಬ್ಬಿಣ ತಡ್ಕೊಳ್ಳುತ್ತೆ. ಹಳೇ ಬೀಡು ಬಿರಿಯುತ್ತೆ, ಸದ್ದಿಲ್ಲದೆ. ಅದಕ್ಕೇ ಈ ಶೆಡ್ಡಲ್ಲಿ ತೂತು ತೊಳೆದು, ಗಾಳಿ ಹೊಡೆದು, ಒಣಗಿಸಿ, ಬಿರಡೆ ಇಡೋದು.”

ಬಿರಡೆ ಎನ್ನುವಾಗ ಭಾವನನ್ನೇ ನೋಡಿದೆ.

“ಈ ಸ್ಟಡ್ ಹಾಕಿದ್ದು ಯಾರು?” ಕೇಳಿದೆ.

“ನಾನೇ. ಎಲ್ಲಾ ಸ್ಟಡ್ಡೂ ನಾನೇ ಹಾಕಿದ್ದು.”

“ಬಿರಡೆ ಇತ್ತಾ?”

“ಇತ್ತು. ಕಿತ್ತು ಹಾಕಿದೆ.”

“ಕಿತ್ತ ಮೇಲೆ ಒಳಗೆ ನೋಡಿದ್ಯಾ?”

ಬಾಯಿಂದ ಜಾರಿಬಿಟ್ಟಿತ್ತು. ಮದುವೆಯಾಗಿ ಅವನು ಈ ಮನೆಗೆ ಬಂದಾಗಿನಿಂದ ನಾನು ಅವನಿಗೆ ನೀವು ಎನ್ನುತ್ತಿದ್ದೆ, ಹಲ್ಲು ಕಚ್ಚಿಕೊಂಡಾದರೂ. ಅಕ್ಕನ ಬೆರಳು ದಾರದ ಮೇಲೆ ನಿಂತಿತು.

“ಏನಂದೆ?” ಭಾವ ಕೇಳಿದ.

“ನೋಡಿದ್ಯಾ ಅಂದೆ. ನೀನು. ಒಳಗೆ.”

“ನೋಡೋದೇನು? ಬಿರಡೆ ಇದ್ರೆ ತೂತು ಸ್ವಚ್ಛ ಅಂತ ಅರ್ಥ. ಇದು ಮಾವನ ಕಾನೂನು. ಕೊನೇ ಸುತ್ತಿನಲ್ಲಿ ಸ್ವಲ್ಪ ಬಿಗಿಯಾಯ್ತು. ತೂತಿನೊಳಗಿನ ತಿರುಪಿನ ಮರೆ ಹೊಸದು, ಬಿಗಿ ಇರುತ್ತೆ ಅಂದ್ಕೊಂಡೆ. ಬಿರಡೆ ಜೊತೆ ಒಂದೆಳೆ ದಾರ ಬಂತು. ನೀಲಿದು. ಒರೆಸೋ ಬಟ್ಟೆದು ಅಂದ್ಕೊಂಡು ಊದಿಬಿಟ್ಟೆ.”

“ದಾರವಂತೆ! ನಾಳೆ ಗುಂಡಿ ಸಿಕ್ತು ಅಂತೀಯ, ನಾಡಿದ್ದು ಇಡೀ ಅಂಗಿನೇ ಸಿಕ್ತು ಅಂತೀಯ. ಮೇಡಂ, ಇವನು ತೂತು ಒರೆಸಿಲ್ಲ. ಇಲ್ಲಾ ಬೇಕಂತಲೇ ಎಣ್ಣೆ ಬಿಟ್ಟಿದಾನೆ. ಅಪ್ಪ ಹೋದ್ರೆ ಶೆಡ್ಡು ಯಾರಿಗೆ? ಏಪ್ರನ್ ಆಗಲೇ ಹಾಕ್ಕೊಂಡಾಗಿದೆ ನೋಡಿ.”

ಭಾವ ನನ್ನ ಮೇಲೆ ಏರಿ ಬರುತ್ತಾನೆ ಎಂದುಕೊಂಡಿದ್ದೆ. ಬರಲಿ ಎಂದೂ ಕಾದಿದ್ದೆ. ಅವನು ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ಮಡಿಸಿ, ಬೆಂಚಿನ ಮೇಲಿಟ್ಟ.

“ತಗೋ. ಹಾಕ್ಕೋ. ಅದರ ಭಾರ ನಿನಗೇನು ಗೊತ್ತು?” ಸೊಂಟಪಟ್ಟಿಯ ಮೇಲೆ ಕೈಯಿಟ್ಟ. “ಈ ಪಟ್ಟಿ ನೋಡಿದ್ಯಲ್ಲ, ತಪ್ಪು ಹುಡುಕಿದ್ಯಲ್ಲ, ಸಿಕ್ತಾ? ಇಲ್ಲ. ಇದನ್ನ ಮುಗಿಸಿ ನಿಮ್ಮಪ್ಪನ ಮುಂದೆ ಇಟ್ಟೆ. ಏನಂದ್ರು ಗೊತ್ತಾ? ‘ಚೆನ್ನಾಗಿದೆ. ಅವನಾಗಿದ್ರೆ ಇನ್ನೂ ಹಗುರ ಮಾಡ್ತಿದ್ದ.’ ಫಿಲ್ಲರ್ ಹಾಕಿದಾಗ? ‘ಅವನ ಕೈ ಇನ್ನೂ ಚುರುಕು.’ ಅವನು, ಅವನು, ಅವನು. ನೀನು ಗೇಟಿನ ಹತ್ರ ಸ್ಕೂಟರ್ ಬಿಚ್ಕೊಂಡು ಕೂತಿದ್ದೆ. ಆದ್ರೂ ದಿನಾ ಈ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಇದ್ದೆ, ಶನಿ ಹಾಗೆ. ಒಂದು ದಿನ, ಒಂದೇ ಒಂದು ದಿನ ನಿನ್ನ ಬಿಟ್ಟು ನನ್ನ ಕೆಲಸ ನೋಡಲಿಲ್ಲ ಆ ಮನುಷ್ಯ.”

ನಾನು ಏಪ್ರನ್ ಮುಟ್ಟಲಿಲ್ಲ.

ಅಪ್ಪ ಹಾಗೆ ಹೇಳಿದ್ದರೇ? ನನಗೆ ಒಂದು ಸಲವೂ ಹೇಳದ್ದನ್ನು ಇವನಿಗೆ ಹೇಳಿದರೇ? ಸಂತೋಷ ಆಗಬೇಕಿತ್ತು. ಆಗಲಿಲ್ಲ. ಆ ಮಾತುಗಳನ್ನು ಇಷ್ಟು ದಿನ ಇವನೊಬ್ಬನೇ ಇಟ್ಟುಕೊಂಡಿದ್ದನಲ್ಲ ಎಂದು ಇನ್ನೂ ಉರಿಯಿತು.

“ಸಂಸಾರದ ಮಾತು ಆಮೇಲೆ,” ಮೇಡಂ ಎದ್ದು ಬಂದರು. “ತಳದಲ್ಲಿ ಇದ್ದದ್ದು ಎಣ್ಣೆನೇ ಅಂತ ಹೇಗೆ ಹೇಳ್ತೀಯ?”

“ಸ್ಟಡ್ ಬಿಡಿಸಿದ್ರೆ ಗೊತ್ತಾಗುತ್ತೆ.”

ಹೆಂಟೆಯನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ಸ್ಟಡ್ ತಿರುಗಿಸಿದೆ. ಕೊನೆಯ ಮರೆ ಬಿಟ್ಟಾಗ ‘ಪಟ್’ ಎಂದು ಸದ್ದಾಯಿತು, ಬಾಟಲಿಯ ಮುಚ್ಚಳ ಬಿಟ್ಟ ಹಾಗೆ. ಸ್ಟಡ್ಡಿನ ತುದಿಗೆ ಬೆಳ್ಳಗೆ ಏನೋ ಅಂಟಿಕೊಂಡಿತ್ತು. ಎಂಜಿನ್ನಿನ ಕಾವಿಗೆ ಕರಗಿ, ಆಮೇಲೆ ತಣ್ಣಗಾಗಿ ಗಟ್ಟಿಯಾದದ್ದು.

ಎಣ್ಣೆಯಲ್ಲ.

ಮೇಡಂ ಜೇಬಿನಿಂದ ಲೈಟರ್ ತೆಗೆದು ಅದರ ಕೆಳಗೆ ಹಿಡಿದರು. ಬಿಳಿಯದು ಪಾರದರ್ಶಕವಾಯಿತು, ತೊಟ್ಟಾಯಿತು, ನೆಲಕ್ಕೆ ಬಿದ್ದು ಮತ್ತೆ ಬಿಳಿಯಾಯಿತು.

“ಮೇಣದಬತ್ತಿ,” ಎಂದರು.

ಲೇತಿನ ತಾತ ಕೂತಲ್ಲಿಂದಲೇ ಕತ್ತು ಚಾಚಿದ. ಅವನಿಗೆ ಯಾರನ್ನೂ ಸಿಕ್ಕಿಸಬೇಕೆಂದು ಇರಲಿಲ್ಲ. ಬಾಯಿಗೆ ಬಂದದ್ದನ್ನು ಆಡುವ ಮನುಷ್ಯ, ಅಷ್ಟೆ.

“ಮೇಣನಾ? ಈ ಶೆಡ್ಡಲ್ಲಿ ತೂತಿಗೆ ಮೇಣ ಇಡೋ ಚಾಳಿ ಇದ್ದಿದ್ದು ಒಬ್ಬನಿಗೇ ಅಲ್ವೇನಪ್ಪಾ?” ಎಂದು ನನ್ನನ್ನು ನೋಡಿದ. “ಬಿರಡೆ ಕೆತ್ತೋಕೆ ಸೋಮಾರಿತನ. ಬೆಳಗ್ಗೆ ಎದ್ರೆ ಇವನ ಜೇಬಲ್ಲಿ ಮೇಣದಬತ್ತಿ ತುಂಡು. ಇವನಪ್ಪ, ನಮ್ಮ ಮೇಸ್ತ್ರಿ, ಎಷ್ಟು ಬೈದಿದಾರೆ, ‘ಮೇಲೆ ಕಿತ್ರೂ ತಳದಲ್ಲಿ ಉಳಿಯುತ್ತೆ ಕಣೋ, ಮೇಣ ಬೇಡ ಕಣೋ’ ಅಂತ.”

ಹೇಳಿದ ಮೇಲೆ ಏನು ಹೇಳಿದೆ ಎಂದು ಅವನಿಗೇ ಹೊಳೆಯಿತು. ಎಣ್ಣೆ ಬಟ್ಟೆ ಎತ್ತಿಕೊಂಡು ಲೇತ್ ಒರೆಸತೊಡಗಿದ. ಅದು ಆಗಲೇ ಒರೆಸಿಯಾಗಿತ್ತು.

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಕೀಲಿಕೈ ಇದೆ. ಚಾಳಿ ಇದೆ. ಹೊಟ್ಟೆಕಿಚ್ಚಂತೂ ಮುಖದ ಮೇಲೇ ಬರೆದಿದೆ. ಎಂಜಿನ್ ಸಿಡಿದಾಗ ಟ್ಯಾಂಕಿನ ಹಿಂದೆ ಯಾಕೆ ನಿಂತಿದ್ದೆ?”

“ಹತ್ತಿರ ಬರಬೇಡ ಅಂದಿದ್ರು ಅದಕ್ಕೆ.”

“ಯಾರು?”

“ಅಪ್ಪ.”

“ಅವರು ಈಗ ಮಾತಾಡಲ್ಲ.”

ಭಾವ ಏನಾದರೂ ಹೇಳುತ್ತಾನೆ, ಗೆದ್ದವನ ಹಾಗೆ ನಗುತ್ತಾನೆ ಎಂದು ಕಾದೆ. ಅವನು ನನ್ನನ್ನು ಕೊಳೆತ ಹಣ್ಣನ್ನು ನೋಡುವ ಹಾಗೆ ನೋಡಿದ. ಅದು ನಗುವಿಗಿಂತ ಕೆಟ್ಟದಾಗಿತ್ತು.

“ಸ್ವಂತ ಅಪ್ಪನ್ನ...” ಎಂದು ಮಾತ್ರ ಹೇಳಿದ.

“ನಾನಲ್ಲ! ನಾನು ಮೇಣ ಇಟ್ರೆ ತಣ್ಣಗಿರೋದನ್ನ ಬೆರಳಲ್ಲಿ ಒತ್ತಿ ಬಾಯಿಗೆ ಇಡ್ತೀನಿ. ಮುಚ್ಚಳದ ಥರ. ಇದು ಕರಗಿಸಿ ತಳಕ್ಕೆ ಹುಯ್ದು, ಮೇಲೆ ಬಿರಡೆ ಹೊಡೆದಿರೋದು. ಇದು ನನ್ನ ಕೈ ಅಲ್ಲ.”

“ಸಾಕ್ಷಿ?”

ನನಗೆ ಆಗ ಹೊಳೆಯಿತು. ಎಷ್ಟು ಖುಷಿಯಾಯಿತೆಂದರೆ ಕೂಗಿಯೇಬಿಟ್ಟೆ.

“ಇನ್ನೊಂದು ಬ್ಲಾಕ್! ಕಾರಿನ ಯಜಮಾನರು ಎರಡು ಕೊಟ್ಟಿದ್ರು. ಒಂದು ಕೈ ಕೊಟ್ರೆ ಇನ್ನೊಂದು ಇರಲಿ ಅಂತ. ಎರಡನ್ನೂ ಒಟ್ಟಿಗೇ ತಯಾರು ಮಾಡಿದ್ದು, ಬಿರಡೆ ಇಟ್ಟಿದ್ದೂ ಒಟ್ಟಿಗೇ. ಅದಕ್ಕೆ ಸ್ಟಡ್ ಹಾಕಿಲ್ಲ, ಬಿರಡೆ ಹಾಗೇ ಇದೆ. ಅದರಲ್ಲೂ ಮೇಣ ಇದ್ರೆ ಹೇಗೆ ಇಟ್ಟಿದಾರೆ ಅಂತ ಕಾಣುತ್ತೆ. ಯಾರ ಕೈ ಅಂತ ನಾನು ಹೇಳ್ತೀನಿ. ಈ ಶೆಡ್ಡಲ್ಲಿ ಯಾರ ಕೈ ಹೇಗೆ ಅಂತ ನನಗೆ ಗೊತ್ತು.”

“ತೆಗಿ,” ಅಂದರು ಮೇಡಂ.

ಅದು ಮೂಲೆಯಲ್ಲಿ ಟಾರ್ಪಾಲಿನ ಕೆಳಗಿತ್ತು, ಮಗುಚಿ ಹಾಕಿದ ದೋಣಿಯಂತೆ ತಳ ಮೇಲೆ ಮಾಡಿಕೊಂಡು. ಬಿರಡೆಗಳು ಎರಡು ಸಾಲಾಗಿ ನಿಂತಿದ್ದವು. ನಾನು ಮಂಡಿಯೂರಿ ಕೂತೆ. ಮೇಡಂ ನನ್ನ ಬೆನ್ನ ಹಿಂದೆ. ಭಾವ ಅವರ ಹಿಂದೆ.

ಮೊದಲ ಬಿರಡೆ. ತೂತು ಒಣಗಿ ಸ್ವಚ್ಛ. ಟಾರ್ಚಿನ ಬೆಳಕಿಗೆ ಮರೆಗಳು ಹೊಳೆದವು.

ಎರಡನೆಯದು ಸ್ವಚ್ಛ. ಒಂದು ಬಿಟ್ಟು ಮಿಕ್ಕವೂ ಸ್ವಚ್ಛ.

“ಏನೂ ಇಲ್ವಲ್ಲ,” ಭಾವ ಹೇಳಿದ.

ಉಳಿದದ್ದು ಮಧ್ಯದ ಕ್ಯಾಪಿನದು. ಎಲ್ಲಕ್ಕಿಂತ ಹೆಚ್ಚು ಭಾರ ಬೀಳುವ ಜಾಗ, ಎಂಜಿನ್ ಸೋತರೆ ಮೊದಲು ಸೋಲುವ ಜಾಗ. ಚಿಕ್ಕಂದಿನಲ್ಲಿ ಅಪ್ಪ ಒಂದು ಬ್ಲಾಕನ್ನು ಹೀಗೇ ಮಗುಚಿ ಹಾಕಿ, “ಇದರಲ್ಲಿ ಮೊದಲು ಯಾವುದು ಹೋಗುತ್ತೆ ಹೇಳ್ರೋ” ಎಂದು ನಮ್ಮಿಬ್ಬರನ್ನೂ ಕೇಳಿದ್ದರು. ನಾನು ಯೋಚಿಸುತ್ತಿದ್ದೆ. ಅಕ್ಕ ಬೆರಳಿಟ್ಟು ತೋರಿಸಿಬಿಟ್ಟಿದ್ದಳು. ಅಪ್ಪ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಆ ಹೆಗಲು ನನಗೆ ಇವತ್ತಿಗೂ ಮರೆತಿಲ್ಲ.

ಬಿರಡೆ ಹಿಡಿದು ತಿರುಚಿ ಎಳೆದೆ.

ಕೆಳಗೆ ಮೇಣ. ಮೇಣದ ನಡುವಿನಿಂದ ಒಂದು ದಾರದ ತುದಿ ಹೊರಬಂದಿತ್ತು. ನೀಲಿ ದಾರ. ತುದಿಯಲ್ಲಿ ಸಣ್ಣ ಗಂಟು.

ಭಾವ ಸುಳ್ಳು ಹೇಳಿರಲಿಲ್ಲ.

ಗಂಟನ್ನು ನೋಡಿದೆ. ಮೂರು ಸುತ್ತು, ಆಮೇಲೆ ತುದಿಯನ್ನು ಸುತ್ತಿನ ಒಳಗಿಂದ ತೂರಿಸಿ ಎಳೆದದ್ದು. ಗುಂಡಿ ಹೊಲಿದ ಮೇಲೆ ಹಾಕುವ ಗಂಟು. ನನ್ನ ಅಂಗಿಯ ಗುಂಡಿಗಳೆಲ್ಲ ಆ ಗಂಟಿನ ಮೇಲೇ ನಿಂತಿವೆ.

ನಾನು ಮೇಣವನ್ನು ಮುಚ್ಚಳದಂತೆ ಒತ್ತುತ್ತಿದ್ದ ಕಾಲದಲ್ಲಿ ಅಕ್ಕ ಅದನ್ನು ಕರಗಿಸಿ, ಒಳಗೊಂದು ದಾರ ಇಳಿಬಿಟ್ಟು ಹುಯ್ಯುತ್ತಿದ್ದಳು. “ನಿಂದು ತಳದಲ್ಲಿ ಉಳಿಯುತ್ತೆ ಕಣೋ ದಡ್ಡ. ನಂದು ನೋಡು, ದಾರ ಎಳೆದ್ರೆ ಇಡೀ ಅಚ್ಚೇ ಬರುತ್ತೆ.” ಅಪ್ಪ ಅವಳ ಆ ಅಚ್ಚುಗಳನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಆಮೇಲೆ ಒಂದು ದಿನ, “ಇನ್ನು ಸಾಕು, ಹೆಣ್ಣುಮಗು ಎಣ್ಣೆಯಲ್ಲಿ ಕೈ ಹಾಕೋದು,” ಎಂದು ಅವಳಿಗೆ ಹೊಲಿಗೆ ಮಷಿನ್ ತಂದುಕೊಟ್ಟರು. ಅವಳು ಬಿಟ್ಟುಹೋದ ಜಾಗವನ್ನು ನನಗೆ ಕೊಟ್ಟರು. ನನ್ನಿಂದ ಕಿತ್ತು ಅವಳ ಗಂಡನಿಗೆ ಕೊಟ್ಟರು.

ಹೊಟ್ಟೆಕಿಚ್ಚು ನಮ್ಮಿಬ್ಬರಿಗೇ ಇರೋದು ಎಂದು ನಾನೂ ಭಾವನೂ ಕಚ್ಚಾಡುತ್ತಿದ್ದೆವು. ಬಾಗಿಲಲ್ಲಿ ನಿಂತವಳನ್ನು ಯಾರೂ ಕೇಳಿರಲಿಲ್ಲ. ಗಂಡನ ಕೀಲಿಕೈ ರಾತ್ರಿಯೆಲ್ಲ ಅವಳ ಕೈಗೆ ಸಿಗುವಲ್ಲೇ ಇರುತ್ತಿತ್ತು.

ನನ್ನ ಬೆನ್ನು ಅಡ್ಡ ಇತ್ತು. ಯಾರಿಗೂ ಕಾಣುತ್ತಿರಲಿಲ್ಲ. ದಾರ ಹಿಡಿದು ಎಳೆದೆ. ಅಚ್ಚು ಇಡಿಯಾಗಿ, ಮರೆಗಳ ಗುರುತು ಮೈಮೇಲೆ ಹೊತ್ತು, ತಳದವರೆಗೂ ಎದ್ದು ಬಂತು. ಮುಷ್ಟಿ ಮುಚ್ಚಿದೆ.

“ಏನಿದೆ?” ಮೇಡಂ ಕೇಳಿದರು.

ಎದ್ದು ನಿಂತೆ.

“ಕೈಯಲ್ಲಿ ಏನದು? ಮುಷ್ಟಿ ಬಿಚ್ಚು.”

“ಹೇಳೋ,” ಭಾವ ಮುಂದೆ ಬಂದ. “ಕೈ ನೋಡಿ ಹೇಳ್ತೀನಿ ಅಂದ್ಯಲ್ಲ. ಯಾರ ಕೈ? ನಂದಾ? ನಿಂದಾ?”

ಒಂದು ಮಾತು ಸಾಕಿತ್ತು. ಒಂದು ಮಾತಿಗೆ ನಾನು ಜೀಪಿನಿಂದ ಪಾರಾಗುತ್ತಿದ್ದೆ. ಅದೇ ಮಾತಿಗೆ ಭಾವನ ಮನೆ ಮುರಿದು ಬೀಳುತ್ತಿತ್ತು. ಅವನು ಬೀಳಲಿ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೆ.

ಬಾಗಿಲ ಕಡೆ ನೋಡಿದೆ. ಅಕ್ಕನ ಬೆರಳಲ್ಲಿ ದಾರ ಇರಲಿಲ್ಲ, ಎಲ್ಲೋ ಬಿದ್ದುಹೋಗಿತ್ತು. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಮುಷ್ಟಿಯನ್ನು ನೋಡುತ್ತಿದ್ದಳು.

ನಾನು ಬಾಗಿಲಿಗೆ ನಡೆದೆ.

“ಏಯ್! ನಿಲ್ಲು!” ಮೇಡಂ ಕೂಗಿದರು. ಹೊರಗೆ ಪೇದೆ ಜೀಪಿನಿಂದ ಬೆನ್ನು ಬಿಡಿಸಿಕೊಂಡ.

ಚೌಕಟ್ಟು ದಾಟುವಾಗ ಅಕ್ಕನ ಭುಜ ನನ್ನ ಭುಜಕ್ಕೆ ತಾಗಿತು. ಅವಳ ತುಟಿ ಅಲುಗಿತೋ ಇಲ್ಲವೋ.

“ಇದರಲ್ಲಿ ಇಟ್ಟಿದ್ದು ನಾನೇ ಕಣೋ,” ಉಸಿರಲ್ಲೇ ಹೇಳಿದಳು. “ಒಡೆದದ್ದರಲ್ಲಿ ಇಟ್ಟಿದ್ದು ನಾನಲ್ಲ. ನನ್ನ ನಂಬ್ತೀಯಲ್ಲ?”

ಮುಷ್ಟಿಯ ಕಾವಿಗೆ ಮೇಣ ಮೆತ್ತಗಾಗಿ ಬೆರಳ ಸಂದಿಗೆ ಇಳಿಯುತ್ತಿತ್ತು. ಗಂಟು ಮಾತ್ರ ಅಂಗೈಗೆ ಚುಚ್ಚುತ್ತಲೇ ಇತ್ತು.

ಒಡೆದದ್ದರ ಬಿರಡೆಯ ಜೊತೆಗೂ ನೀಲಿ ದಾರವೇ ಬಂದಿತ್ತು. ನಾನು ಬಿಸಿಲಿಗೆ ಇಳಿದೆ. ಪೇದೆಯನ್ನೂ ಜೀಪನ್ನೂ ದಾಟಿ, ಗೇಟಿನ ಕಡೆ ನಡೆಯುತ್ತಲೇ ಹೋದೆ.